ಓದಲಾಗದ ಕಾಗದಕ್ಕೆ ಸಹಿ ಬೇಡ: ಬಂದೂಕಿನ ಲೈಸೆನ್ಸ್ ಕೇಳುವ ನಮ್ಮ ಹುಡುಗರಿಗೆ



ಹೋದ ತಿಂಗಳು ನಾರಾಯಣಖೇಡ ಕಡೆಯ ಒಬ್ಬ ಹುಡುಗ ನಮಗೆ ಮೂರು ಫೋಟೊ ಕಳಿಸಿದ್ದ. ಮೊದಲನೆಯದರಲ್ಲಿ ಗೋಡೆಯ ಗೂಟಕ್ಕೆ ತೂಗುಹಾಕಿದ ಹಳೇ ಬಂದೂಕು. ಎರಡನೆಯದರಲ್ಲಿ ಅಂಚು ಹರಿದ ಲೈಸೆನ್ಸ್ ಪುಸ್ತಕ. ಮೂರನೆಯದು ಅದರ ಒಳಪುಟಗಳು: ಎಲ್ಲಕ್ಕಿಂತ ಹಳೆಯ ಹಾಳೆಯಲ್ಲಿ ಉರ್ದು, ನಡುವೆ ಇಂಗ್ಲಿಷ್, ಕೊನೆಗೆ ತೆಲುಗು ಮೊಹರು. ಬಂದೂಕು ಅಜ್ಜನದು. ಅಜ್ಜ ತೀರಿಕೊಂಡು ಎಂಟು ತಿಂಗಳಾಗಿದೆ.

"ಅಣ್ಣಾ, ಇದನ್ನ ನನ್ನ ಹೆಸರಿಗಿ ಮಾಡ್ಕೊಳ್ಳೋದು ಹ್ಯಾಂಗ? ಒಬ್ಬರು ಕಾಗದ ಎಲ್ಲಾ ತಯಾರ ಮಾಡ್ಯಾರ, ಸಹಿ ಹಾಕು ಸಾಕು ಅಂತಾರ" ಅಂದ.

"ಆ ಕಾಗದದಾಗ ಏನು ಬರದಾರ?" ಅಂತ ಕೇಳಿದೆವು.

"ಗೊತ್ತಿಲ್ಲಣ್ಣಾ. ಹತ್ತನೇ ತನಕ ಬೀದರದಾಗ ಅತ್ತೀ ಮನ್ಯಾಗ ಇದ್ದು ಕನ್ನಡದಾಗ ಓದೀನಿ. ತೆಲುಗು ಮಾತಾಡ್ತೀನಿ, ಓದ್ಲಾಕ ಬರಂಗಿಲ್ಲ."

ಈ ಸಂಪಾದಕೀಯ ಬರೆಯೋದಕ್ಕೆ ಆ ಒಂದು ಮಾತು ಸಾಕು. ಇದೇ ವಿಷಯದಲ್ಲಿ ಬೇರೆ ಬೇರೆ ಪ್ರಶ್ನೆಗಳೂ ನಮಗೆ ಬರುತ್ತಿವೆ. ಜಹೀರಾಬಾದಿನ ಕಬ್ಬಿನ ಹೊಲಕ್ಕೆ ಹಂದಿ ನುಗ್ಗುತ್ತಿವೆ, ಬಂದೂಕು ಸಿಗುತ್ತದಾ ಅಂತ ಒಬ್ಬರು. ಹೈದರಾಬಾದಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ 'ಗನ್ ಲೈಸೆನ್ಸ್' ಇದ್ದರೆ ಪಗಾರ ಜಾಸ್ತಿಯಂತೆ, ಹೌದಾ ಅಂತ ಇನ್ನೊಬ್ಬರು. ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ, ನಮಗ್ಯಾಕೆ ಬೇಕು ಅಂತ ತಾಂಡೂರಿನ ಒಬ್ಬ ತಮ್ಮ. ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಹೇಳುತ್ತೇವೆ.

ಮೊದಲಿಗೇ ಒಂದು ಮಾತು. ಬಂದೂಕು ತಗೊಳ್ಳಿರಿ ಅಂತ ನಾವು ಯಾರಿಗೂ ಹೇಳುತ್ತಿಲ್ಲ. ಬಂದೂಕು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಮೂಲಭೂತ ಹಕ್ಕೂ ಅಲ್ಲ. ಅಮೆರಿಕದ ಸಂವಿಧಾನದಲ್ಲಿ ಇರುವಂಥ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲ ಎಂಬುದನ್ನು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಿದೆ. ಆದರೆ ಕಾನೂನು ಒಂದು ದಾರಿ ಇಟ್ಟಿದೆ. ಆ ದಾರಿಯಲ್ಲಿ ನಡೆಯಲೇಬೇಕಾದವನು ಕಣ್ಣು ತೆರೆದು ನಡೆಯಲಿ, ಅಷ್ಟೇ ನಮ್ಮ ಆಸೆ. ರೇಷನ್ ಕಾರ್ಡಿನ ಅರ್ಜಿಯಲ್ಲಿ ತಪ್ಪು ಬರೆದರೆ ಇನ್ನೊಮ್ಮೆ ತಿದ್ದಿಸಬಹುದು. ಬಂದೂಕಿನ ಅರ್ಜಿಯಲ್ಲಿ ತಪ್ಪು ಬರೆದರೆ ಅದು ಪೊಲೀಸ್ ಫೈಲಿನಲ್ಲಿ ಕೂಡುತ್ತದೆ.

ನಮ್ಮ ಕಾಗದ ಯಾಕೆ ಹಿಂಗ?

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ನಮ್ಮ ಊರುಗಳು ಹೆಂಗೆ ಹಂಚಿಹೋದವು ಅನ್ನೋದು ಮನೆಯ ಹಿರಿಯರಿಗೆ ಗೊತ್ತು. ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಆಮೇಲೆ 2014ರಲ್ಲಿ ತೆಲಂಗಾಣ ಬಂತು. 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳೂ ಬದಲಾದವು: ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ.

ಹಿಂಗಾಗಿ ಒಂದೇ ಮನೆಯ ಟ್ರಂಕಿನಲ್ಲಿ ನಿಜಾಮನ ಕಾಲದ ಉರ್ದು ಕಾಗದ ಅದ, ಮೇದಕ್ ಜಿಲ್ಲೆಯ ತೆಲುಗು ಕಾಗದ ಅದ, ಬೀದರ ಆಸ್ಪತ್ರೆಯಿಂದ ಬಂದ ಕನ್ನಡದ ಮರಣ ಪ್ರಮಾಣಪತ್ರವೂ ಅದ. ಬೇರೆ ಅರ್ಜಿಗಳಲ್ಲಿ ಇದು ಬರೀ ತಲೆನೋವು. ಬಂದೂಕಿನ ವಿಷಯದಲ್ಲಿ ಇದು ಜೈಲಿನ ದಾರಿಯೂ ಆಗಬಹುದು. ಹೆಂಗೆ ಅನ್ನೋದನ್ನ ಮುಂದೆ ಹೇಳುತ್ತೇವೆ.

ಅಜ್ಜನ ಬಂದೂಕು ಮನೆಯಲ್ಲಿದ್ದರೆ

ಇದು ಎಲ್ಲಕ್ಕಿಂತ ತುರ್ತಿನ ವಿಷಯ, ಅದಕ್ಕೇ ಮೊದಲು ಹೇಳುತ್ತೇವೆ. ಲೈಸೆನ್ಸ್ ಕೊಡುವುದು ಮನುಷ್ಯನಿಗೆ, ಮನೆಗಲ್ಲ. ಅಜ್ಜ ಕಣ್ಣುಮುಚ್ಚಿದ ದಿನವೇ ಆ ಲೈಸೆನ್ಸ್ ಮುಗಿದಂತೆ. ಗೂಟದ ಮೇಲಿನ ಬಂದೂಕು ಆಗ 'ಅಜ್ಜನ ನೆನಪು' ಅಲ್ಲ, ಲೈಸೆನ್ಸ್ ಇಲ್ಲದ ಆಯುಧ. 1959ರ ಆಯುಧ ಕಾಯ್ದೆಯ ಕಲಂ 21ರ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕಿನ ಡೀಲರ್ ಹತ್ತಿರ ಠೇವಣಿ ಇಡಬೇಕು. ಇಟ್ಟು ರಶೀದಿ ತಗೋಬೇಕು. ಠೇವಣಿ ಇಟ್ಟರೆ ಬಂದೂಕು ಹೋಯಿತು ಅಂತಲ್ಲ. ನಿಯಮದ ಅವಧಿಯೊಳಗೆ ವಾರಸುದಾರನಿಗೆ ಲೈಸೆನ್ಸ್ ಸಿಕ್ಕರೆ ವಾಪಸ್ ಬರುತ್ತದೆ, ಇಲ್ಲವೇ ಲೈಸೆನ್ಸ್ ಇದ್ದವರಿಗೆ ಮಾರಬಹುದು. ಅವಧಿ ಮೀರಿ ಸುಮ್ಮನೆ ಕೂತರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು.

ಠೇವಣಿ ಇಡದೆ ಮನೆಯಲ್ಲೇ ಇಟ್ಟುಕೊಂಡರೆ? ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡವರಿಗೆ ಮೊದಲು 1ರಿಂದ 3 ವರ್ಷದ ಸಜೆ ಇತ್ತು. 2019ರ ತಿದ್ದುಪಡಿ ಅದನ್ನು 2ರಿಂದ 5 ವರ್ಷಕ್ಕೆ ಏರಿಸಿದೆ, ಜೊತೆಗೆ ದಂಡ. "ನಮಗ ಗೊತ್ತಿರಲಿಲ್ರೀ ಸಾಹೇಬ್ರೇ" ಅನ್ನೋದು ಠಾಣೆಯಲ್ಲಿ ನಡೆಯಲ್ಲ.

ವಾರಸುದಾರನಿಗೆ ಬಂದೂಕು ಬರುವ ದಾರಿಯೂ ಉಂಟು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರ ತೀರಿಕೊಂಡ ಮೇಲೆ ಕಾನೂನುಬದ್ಧ ವಾರಸುದಾರ ಅರ್ಜಿ ಹಾಕಬಹುದು. ಬದುಕಿದ್ದಾಗಲೂ ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು ಅವರ ಹತ್ತಿರ 25 ವರ್ಷದಿಂದ ಇದ್ದರೆ, ಮನೆಯ ವಾರಸುದಾರನ ಹೆಸರಿಗೆ ಕೇಳಬಹುದು. ಹಾಗಾಗಿ ಮನೆಯಲ್ಲಿ ವಯಸ್ಸಾದ ಅಜ್ಜ ಇದ್ದರೆ, ಅವರು ಇರುವಾಗಲೇ ಕೂತು ಮಾತಾಡಿರಿ.

ಇಲ್ಲೇ ಗಡಿ ಬಂದು ಕಾಲಿಗೆ ತೊಡರುತ್ತದೆ. ವಾರಸುದಾರರ ಪೈಕಿ ಒಬ್ಬ ಅತ್ತೆ ಬೀದರಕ್ಕೆ, ಇನ್ನೊಬ್ಬರು ಸೇಡಂ ಕಡೆಗೆ ಮದುವೆಯಾಗಿ ಹೋಗಿರುತ್ತಾರೆ. ಅವರ ಒಪ್ಪಿಗೆ ಪತ್ರ ಕರ್ನಾಟಕದ ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಬರುತ್ತದೆ. ಸಂಗಾರೆಡ್ಡಿಯ ಟೇಬಲ್ ಮೇಲೆ ಅದನ್ನು ಓದುವವರು ಯಾರು? ಅರ್ಜಿ ಹಾಕುವ ಮೊದಲೇ ಪ್ರತಿ ಕನ್ನಡ ಕಾಗದಕ್ಕೂ ನೋಟರಿ ಮಾಡಿಸಿದ ತೆಲುಗು ಅಥವಾ ಇಂಗ್ಲಿಷ್ ಅನುವಾದ ಜೋಡಿಸಿರಿ. ಹೆಸರು ಒಂದೇ ರೀತಿ ಇದೆಯಾ ನೋಡಿರಿ. ಒಂದು ಕಾಗದದಲ್ಲಿ 'ಶರಣಪ್ಪ', ಇನ್ನೊಂದರಲ್ಲಿ 'ಶರ್ಣಪ್ಪಾ', ಮತ್ತೊಂದರಲ್ಲಿ ತಂದೆಯ ಹೆಸರೇ ಮನೆತನದ ಹೆಸರಾಗಿದ್ದರೆ, ಫೈಲು ಅಲ್ಲೇ ಮಲಗುತ್ತದೆ.

ಇನ್ನೊಂದು ವಿಷಯ: ಈಗ ಪ್ರತಿ ಲೈಸೆನ್ಸೂ ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ದತ್ತಾಂಶದಲ್ಲಿ ಇರಬೇಕು, ಅದಕ್ಕೊಂದು ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. ಆಫೀಸಿನಲ್ಲಿ ಅದನ್ನು 'ಯುಐಎನ್' ಅಂತಾರ. ಆ ನಂಬರ್ ಇಲ್ಲದ ಹಳೇ ಪುಸ್ತಕ ಎಷ್ಟೇ ಮೊಹರು ಇದ್ದರೂ ನಡೆಯಲ್ಲ. ಅಜ್ಜನ ಪುಸ್ತಕದಲ್ಲಿ ಅದು ಇದೆಯಾ ಅಂತ ಇವತ್ತೇ ತೆಗೆದು ನೋಡಿರಿ.

ಹೊಸ ಅರ್ಜಿ: ಯಾರಿಗೆ, ಎಲ್ಲಿ, ಏನು?

ನಮ್ಮ ಮೂರೂ ತಾಲೂಕುಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು, ಅಂದರೆ ಕಲೆಕ್ಟರದು. ಜಹೀರಾಬಾದ್, ನಾರಾಯಣಖೇಡದವರಿಗೆ ಸಂಗಾರೆಡ್ಡಿ, ತಾಂಡೂರಿನವರಿಗೆ ವಿಕಾರಾಬಾದ್. ನೀವು ಖರೇನೇ ವಾಸ ಇರುವ ಜಿಲ್ಲೆಯಲ್ಲೇ ಅರ್ಜಿ ಹಾಕಬೇಕು. ಹೊಲ ಚಿಂಚೋಳಿಯಲ್ಲಿ, ಮನೆ ತಾಂಡೂರಿನಲ್ಲಿ ಇದ್ದವರು 'ಎಲ್ಲಿ ಸುಲಭ ಆದೀತು' ಅಂತ ಎರಡೂ ಕಡೆ ಹಾಕಲು ಹೋಗಬೇಡಿರಿ. ಮೊದಲು ಎಲ್ಲಾದರೂ ಅರ್ಜಿ ಹಾಕಿದ್ದೀರಾ, ತಿರಸ್ಕಾರ ಆಗಿದೆಯಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ.

21 ವರ್ಷ ತುಂಬಿರಬೇಕು. ಒಬ್ಬರ ಹತ್ತಿರ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರಿತ್ತು, 2019ರಲ್ಲಿ ಎರಡಕ್ಕೆ ಇಳಿಸಿದರು. ವಂಶದಿಂದ ಬಂದ ಬಂದೂಕೂ ಆ ಎರಡರ ಲೆಕ್ಕದಲ್ಲೇ ಬರುತ್ತದೆ. ಲೈಸೆನ್ಸಿನ ಅವಧಿ 3 ವರ್ಷ ಇದ್ದದ್ದು ಅದೇ ತಿದ್ದುಪಡಿಯಲ್ಲಿ 5 ವರ್ಷ ಆಯಿತು.

ಅರ್ಜಿಯ ನಮೂನೆ ಫಾರ್ಮ್ ಎ-1. ಜೊತೆಗೆ ಫೋಟೊ, ಹುಟ್ಟಿದ ತಾರೀಖಿನ ದಾಖಲೆ, ಗುರುತಿನ ಮತ್ತು ವಿಳಾಸದ ದಾಖಲೆ, ದೈಹಿಕ ಹಾಗೂ ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಬಂದೂಕನ್ನು ಮನೆಯಲ್ಲಿ ಭದ್ರವಾಗಿ ಇಡುತ್ತೇನೆ ಎಂಬ ಮುಚ್ಚಳಿಕೆ ಬೇಕು. ಬಂದೂಕು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರದ ಏರ್ಪಾಡನ್ನೂ 2016ರ ನಿಯಮಗಳು ತಂದಿವೆ.

ಈಗ ನಮ್ಮ ಹುಡುಗರು ಎಡವುವ ಜಾಗಕ್ಕೆ ಬರೋಣ. ನಿಮಗೆ ಶಿಕ್ಷೆ ಆಗಿದೆಯಾ? ಶಾಂತಿ ಕಾಪಾಡುತ್ತೇನೆ, ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಬಾಂಡ್ ಬರೆದುಕೊಡಲು ನಿಮಗೆ ಆದೇಶ ಆಗಿದೆಯಾ? ಈ ಪ್ರಶ್ನೆಗಳು ಅರ್ಜಿಯಲ್ಲಿವೆ. ಎರಡನೆಯದನ್ನೇ ನಮ್ಮ ಕಡೆ 'ಬೈಂಡ್ ಓವರ್' ಅನ್ನೋದು. ಎಲೆಕ್ಷನ್ ಬಂದಾಗ, ಊರಲ್ಲಿ ಜಗಳ ಆದಾಗ, ಕೆಲವೊಮ್ಮೆ ಧರಣಿ ಕೂತಾಗಲೂ ಹುಡುಗರನ್ನು ತಹಸೀಲ್ದಾರ್ ಆಫೀಸಿಗೆ ಕರೆದು ಸಹಿ ಮಾಡಿಸಿಕೊಳ್ಳುತ್ತಾರೆ. ಹುಡುಗ ಅದನ್ನು 'ಏನೋ ಸಹಿ ತಗೊಂಡ್ರು' ಅಂತ ಮರೆತುಬಿಡುತ್ತಾನೆ. ಆಮೇಲೆ ಬಂದೂಕಿನ ಅರ್ಜಿ ತುಂಬುವ ಮಧ್ಯವರ್ತಿ ಆ ಪ್ರಶ್ನೆಗೆ ತಾನೇ 'ಇಲ್ಲ' ಅಂತ ಬರೆದು, ಸಹಿ ಮಾತ್ರ ಹುಡುಗನಿಂದ ಹಾಕಿಸುತ್ತಾನೆ.

ಕಾಯ್ದೆ ಏನು ಹೇಳುತ್ತದೆ ನೋಡಿರಿ. ಬಾಂಡಿನ ಅವಧಿ ನಡೆಯುತ್ತಿರುವಾಗ ಮಾತ್ರ ಅಂಥವನು ಬಂದೂಕು ಹೊಂದುವಂತಿಲ್ಲ. ಅವಧಿ ಮುಗಿದ ಮೇಲೆ ಆ ಅಡ್ಡಿ ಇಲ್ಲ. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ ಅನುಭವಿಸಿದವನಿಗೂ ಶಿಕ್ಷೆ ಮುಗಿದು 5 ವರ್ಷ ಆಗುವ ತನಕ ನಿಷೇಧ. ಅಂದರೆ ನಿಜ ಹೇಳಿದವನಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ವಿಷಯ ಮುಚ್ಚಿಟ್ಟೋ ತಪ್ಪು ಹೇಳಿಯೋ ಪಡೆದ ಲೈಸೆನ್ಸನ್ನು ಕಲಂ 17ರಡಿ ರದ್ದು ಮಾಡಬಹುದು. ಬಂದೂಕು ಕೈಯಲ್ಲಿರುವಾಗ ಲೈಸೆನ್ಸ್ ರದ್ದಾದರೆ ಮತ್ತೆ ಅದೇ ಕಥೆ, ಠಾಣೆ ಮತ್ತು ಕೋರ್ಟು. 'ಹೌದು, ಬಾಂಡ್ ಬರೆದಿದ್ದೆ, ಇಂಥ ದಿನ ಅವಧಿ ಮುಗಿದಿದೆ' ಅಂತ ನೀವೇ ಬರೆದಿದ್ದರೆ ತಪ್ಪೇ ಇರುತ್ತಿರಲಿಲ್ಲ. ಬೇರೆಯವನು ನಿಮಗೆ ಓದಲು ಬಾರದ ಭಾಷೆಯಲ್ಲಿ 'ಇಲ್ಲ' ಅಂತ ಬರೆದದ್ದಕ್ಕೆ ನೀವು ಸುಳ್ಳುಗಾರ ಆಗುತ್ತೀರಿ.

ಅದಕ್ಕೇ ಅನ್ನೋದು: ಓದಲಾಗದ ಕಾಗದಕ್ಕೆ ಸಹಿ ಬೇಡ. ಓದಬಲ್ಲ ಗೆಳೆಯನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಹೇಳಿಸಿಕೊಂಡು, ಉತ್ತರವನ್ನು ಮೊದಲು ನಿಮ್ಮ ಕೈಯಿಂದ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಫಾರ್ಮ್ ತುಂಬಿಸಿರಿ. ಆ ಕನ್ನಡದ ಹಾಳೆಯನ್ನೂ ಅರ್ಜಿಯ ನಕಲನ್ನೂ ಜೋಪಾನ ಮಾಡಿರಿ.

ಠಾಣೆಯ ವಿಚಾರಣೆ, ಮತ್ತು 'ಇಲ್ಲ' ಅಂದರೆ

ಅರ್ಜಿ ಬಂದ ಮೇಲೆ ಕಲೆಕ್ಟರ್ ಆಫೀಸು ನಿಮ್ಮ ಠಾಣೆಯಿಂದ ವರದಿ ಕೇಳುತ್ತದೆ. 2016ರ ನಿಯಮಗಳ ಪ್ರಕಾರ ಪೊಲೀಸರು 30 ದಿನದೊಳಗೆ ವರದಿ ಕೊಡಬೇಕು. ವರದಿ ಬಂದ 60 ದಿನದೊಳಗೆ ಲೈಸೆನ್ಸ್ ಅಧಿಕಾರಿ ಕೊಡುತ್ತೇನೆ ಅಥವಾ ಕೊಡಲ್ಲ ಅಂತ ಲಿಖಿತ ಆದೇಶ ಮಾಡಬೇಕು. ಅವಧಿಯಲ್ಲಿ ವರದಿ ಬರದಿದ್ದರೆ, ಸರಿ ಅನಿಸಿದಲ್ಲಿ, ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಕಾಯ್ದೆ ಅವರಿಗೆ ಕೊಟ್ಟಿದೆ. ಹಾಗಾಗಿ 'ಫೈಲು ಮೇಲೆ ಹೋಗ್ಯಾದ' ಎಂಬ ಮಾತಿಗೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಠಾಣೆಯವರು ಮನೆಗೆ ಬಂದಾಗ ನಿಮ್ಮ ಹೇಳಿಕೆ, ನೆರೆಯವರ ಹೇಳಿಕೆ ಬರೆದುಕೊಳ್ಳುತ್ತಾರೆ. ತೆಲುಗಿನಲ್ಲೇ ಬರೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ, ಅದು ಈ ರಾಜ್ಯದ ಭಾಷೆ. ನೀವು ವಿನಯವಾಗಿ "ಸಾರ್, ಒಮ್ಮೆ ಓದಿ ಹೇಳ್ರಿ" ಅನ್ನಿರಿ. ಓದಿ ಹೇಳಿದ ಮೇಲೆ ಸಹಿ ಹಾಕಿರಿ. ಸಹಿಯ ಕೆಳಗೆ ತಾರೀಖು ಹಾಕಿರಿ. ಕನ್ನಡದಲ್ಲಿ ಸಹಿ ಹಾಕಲು ಹೆದರಬೇಡಿರಿ, ಸಹಿಗೆ ಇಂಥದೇ ಲಿಪಿ ಅಂತ ಇಲ್ಲ.

ಲೈಸೆನ್ಸ್ ಕೊಡಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಕೇಳಿದರೆ ಆ ಕಾರಣವನ್ನು ಚಿಕ್ಕದಾಗಿಯಾದರೂ ನಿಮಗೆ ತಿಳಿಸಬೇಕು. ತಿಳಿಸುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಅಂತ ಅವರಿಗೆ ಅನಿಸಿದಾಗ ಮಾತ್ರ ಬಿಡಬಹುದು. ಕಲಂ 14ರಲ್ಲಿ ಇನ್ನೊಂದು ಮಾತಿದೆ, ನಮ್ಮ ಬಡವರ ಮನೆ ಹುಡುಗರು ಬಾಯಿಪಾಠ ಮಾಡಬೇಕಾದದ್ದು: ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ತಿರಸ್ಕಾರದ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆ ಆದೇಶ ನಿಮಗೆ ಓದಲು ಬಾರದೆ ಟ್ರಂಕಿನಲ್ಲಿ ಮಲಗಿದರೆ ಈ 30 ದಿನ ಸದ್ದಿಲ್ಲದೆ ಹೋಗಿಬಿಡುತ್ತದೆ.

ಈಗ ಭಾಷೆಯ ಹಕ್ಕಿನ ಮಾತು. ಇಲ್ಲಿ ಬಹಳ ಮಂದಿ ಗೊಂದಲ ಮಾಡಿಕೊಳ್ಳುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಫೈಲು ಎಲ್ಲಿದೆ ಅಂತ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಆದರೆ 2005ರ ಆ ಕಾಯ್ದೆ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕು ಅನ್ನುತ್ತದೆ. ತೆಲಂಗಾಣದಲ್ಲಿ ಅಂದರೆ ತೆಲುಗು, ಮತ್ತು 2017ರಿಂದ ಇಡೀ ರಾಜ್ಯದ ಎರಡನೇ ಅಧಿಕೃತ ಭಾಷೆಯಾದ ಉರ್ದು. ಕನ್ನಡದಲ್ಲಿ ಬರೆದು 'ಉತ್ತರ ಕೊಡಲಿಲ್ಲ' ಅಂತ ಸಿಟ್ಟಾದರೆ ನಷ್ಟ ನಮಗೇ.

ಆದರೆ ಸಂವಿಧಾನದ 350ನೇ ವಿಧಿ ಬೇರೆ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆಯಾ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 'ನನ್ನ ಅರ್ಜಿಗೆ ಅವಧಿ ಮೀರಿದೆ, ಉತ್ತರ ಬಂದಿಲ್ಲ' ಎಂಬ ದೂರನ್ನು ಕನ್ನಡದಲ್ಲೇ ಬರೆದು ಕಲೆಕ್ಟರಿಗೆ ಕೊಡಬಹುದು. ಕೆಲಸ ಬೇಗ ಆಗಲಿ ಅಂತ ಕೆಳಗೆ ತೆಲುಗು ಅನುವಾದ ಜೋಡಿಸಿರಿ. ಹಕ್ಕನ್ನೂ ಬಿಡಬೇಡಿರಿ, ಕೆಲಸವನ್ನೂ ಕೆಡಿಸಿಕೊಳ್ಳಬೇಡಿರಿ.

ಬೆಳೆ ಕಾಯಲಿಕ್ಕೆ ಬಂದೂಕು

ಕಬ್ಬು, ಮೆಕ್ಕೆಜೋಳ, ಆಲೂಗಡ್ಡೆ ಒಂದೇ ರಾತ್ರಿಯಲ್ಲಿ ಉತ್ತು ಹಾಕಿದಂಗೆ ಆಗೋದನ್ನ ನಾವೂ ನೋಡಿದ್ದೇವೆ. 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿ ಬೆಳೆಯುವ ರೈತನೂ ರಾತ್ರಿ ಹೊಲದಲ್ಲೇ ಮಲಗಬೇಕು. ಬೆಳೆ ರಕ್ಷಣೆಗೆ ಅಂತ ಕಾಯ್ದೆಯಲ್ಲಿ ದಾರಿ ಇದೆ: ಕಲಂ 13 ಅದಕ್ಕೆ ಮದ್ದು ತುಂಬಿ ಹೊಡೆಯುವ ನಾಡಬಂದೂಕಿನ ಲೈಸೆನ್ಸ್ ಬಗ್ಗೆ ಹೇಳುತ್ತದೆ, ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ ಬೇರೆ ನಯನಳಿಗೆಯ ಬಂದೂಕಿಗೂ ಕೊಡಬಹುದು. ಪಹಣಿ, ಬೆಳೆಯ ವಿವರ, ಹಾನಿಯ ಫೋಟೊ ಇಟ್ಟುಕೊಂಡು ಕೇಳಿರಿ.

ಆದರೆ ಬಂದೂಕಿನ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ. ಬೆಳೆಗೆ ಅಪಾಯ ಅಂತ ಕಂಡರೆ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಕಲಂ 11ರಡಿ ಲಿಖಿತ ಅನುಮತಿ ಕೊಡಬೇಕು. ಕೇರಳದಲ್ಲಿ 2022ರಿಂದ ಈ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಮುಖ್ಯಸ್ಥರಿಗೆ ಕೊಟ್ಟಿದ್ದಾರೆ. ಕಾಸರಗೋಡಿನ ನಮ್ಮ ಕನ್ನಡದ ರೈತರಿಗೂ ಅದೇ ನಿಯಮ. ಅಲ್ಲಿಯೂ ಹೊಡೆಯುವವನ ಕೈಯಲ್ಲಿ ಲೈಸೆನ್ಸ್ ಇರುವ ಬಂದೂಕೇ ಇರಬೇಕು. ನಮ್ಮ ಕಡೆ ಅರಣ್ಯ ಇಲಾಖೆಯ ಆಫೀಸಿಗೆ ಹೋಗಿ, ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿ ಅನುಮತಿ ತಗೊಂಡೇ ಮುಂದಿನ ಮಾತು.

ಬಂದೂಕು ಸಿಗಲಿಲ್ಲ ಅಂತ ಹೊಲದ ಸುತ್ತ ಕರೆಂಟಿನ ತಂತಿ ಬಿಡುವವರಿಗೆ ಕೈಮುಗಿದು ಹೇಳುತ್ತೇವೆ: ಬೇಡ. ಆ ತಂತಿಗೆ ಹಂದಿ ಯಾವುದು, ರಾತ್ರಿ ನೀರು ಕಟ್ಟಲು ಬಂದ ಅಣ್ಣ ಯಾರು ಅನ್ನೋದು ಗೊತ್ತಾಗಲ್ಲ.

'ಕೊಡಗಿನವರಿಗೆ ಬೇಡವಂತಲ್ಲ?'

ಹೌದು, ಇದು ಅರ್ಧ ಸತ್ಯ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯೊಂದು ಕೊಡವ ಜನಾಂಗಕ್ಕೆ ಮತ್ತು ಕೊಡಗಿನ ಜಮ್ಮಾ ಭೂಮಿ ಹೊಂದಿದವರಿಗೆ ಇದೆ. ಕೈಲ್ ಮುಹೂರ್ತದ ದಿನ ಅವರು ಕೋವಿಗೆ ಪೂಜೆ ಮಾಡುತ್ತಾರೆ, ಮಗು ಹುಟ್ಟಿದರೆ ಗುಂಡು ಹಾರಿಸುವ ಪದ್ಧತಿಯೂ ಇದೆ. ಕೇಂದ್ರ ಸರ್ಕಾರ ಕಲಂ 41ರಡಿ 2019ರ ಅಕ್ಟೋಬರಿನಲ್ಲಿ ಆ ವಿನಾಯಿತಿಯನ್ನು 2029ರ ತನಕ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ಅದು ಕೊಡಗಿನ ಆ ಇಬ್ಬರಿಗೆ ಮಾತ್ರ. ಕನ್ನಡಿಗ ಎಂಬ ಕಾರಣಕ್ಕೆ ಬೀದರದವನಿಗೂ ಇಲ್ಲ, ತಾಂಡೂರಿನವನಿಗೂ ಇಲ್ಲ. ಅವರ ವಿನಾಯಿತಿಯನ್ನು ನಂಬಿ ನಾವು ಬಂದೂಕು ಹಿಡಿದರೆ ನಮ್ಮ ಕೈಗೆ ಬೇಡಿಯೇ.

ಗಡಿಯ ಇನ್ನೊಂದು ಎಚ್ಚರ ಇದಕ್ಕೇ ಸೇರಿದ್ದು. ನಿಮ್ಮ ಲೈಸೆನ್ಸ್ ಎಲ್ಲಿಯ ತನಕ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ನಮಗೆ ಜಹೀರಾಬಾದಿನಿಂದ ಬೀದರ ಅಂದರೆ ಸಂತೆಗೆ ಹೋಗಿ ಬಂದಂಗೆ. ಬಂದೂಕಿಗೆ ಅದು ಇನ್ನೊಂದು ರಾಜ್ಯ. ಮಾವನ ಊರಿನ ಜಾತ್ರೆಗೆ ಅಂತ ಜೀಪಿನಲ್ಲಿ ಬಂದೂಕು ಹಾಕಿಕೊಂಡು ಗಡಿ ದಾಟುವ ಮೊದಲು ಆ ಸಾಲನ್ನು ಓದಿರಿ.

ಶಾರ್ಟ್‌ಕಟ್ ಬೇಡ

'ಬೇರೆ ರಾಜ್ಯದಿಂದ ಲೈಸೆನ್ಸ್ ಮಾಡಿಸಿ ಕೊಡ್ತೀವಿ' ಅನ್ನುವವರು ಫೋನು ಮಾಡುತ್ತಾರೆ. ಜಮ್ಮು-ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಕೊಟ್ಟ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಬಂದೂಕಿನ ಲೈಸೆನ್ಸುಗಳ ಬಗ್ಗೆ ಸಿಬಿಐ ತನಿಖೆಗೆ ಇಳಿಯಿತು. ಆ ರಾಜ್ಯದಲ್ಲಿ ವಾಸವೇ ಇಲ್ಲದವರಿಗೂ ದುಡ್ಡಿಗೆ ಕೊಟ್ಟರು ಎಂಬುದೇ ಆರೋಪ. ದುಡ್ಡು ಕೊಟ್ಟು ತಂದ ಅಂಥ ಕಾಗದದ ಕಥೆ ಕೊನೆಗೆ ಅಲ್ಲಿಗೇ ಮುಟ್ಟುತ್ತದೆ. ಸೆಕ್ಯೂರಿಟಿ ಕೆಲಸದ ಆಸೆಗೆ ಸಾಲ ಮಾಡಿ ಯಾರಿಗೂ ದುಡ್ಡು ಕೊಡಬೇಡಿರಿ. ಸರ್ಕಾರದ ಫೀಸಿಗೆ ರಶೀದಿ ಇರುತ್ತದೆ. ರಶೀದಿ ಇಲ್ಲದ ದುಡ್ಡು ಲಂಚ ಅಥವಾ ಮೋಸ.

ರೀಲ್ಸಿಗೆ ಬಂದೂಕು ಹಿಡಿಯುವ ತಮ್ಮಂದಿರಿಗೂ ಒಂದು ಮಾತು. ಮದುವೆ ಬರಾತಿನಲ್ಲಿ, ಗೆದ್ದ ಖುಷಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, ಲೈಸೆನ್ಸ್ ಇದ್ದರೂ, 2 ವರ್ಷದ ತನಕ ಸಜೆ ಅಥವಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಗುರಿ ಹೊಡೆಯುವ ಆಸೆ ಖರೇನೇ ಇದ್ದರೆ ಅದಕ್ಕೂ ಮರ್ಯಾದೆಯ ದಾರಿ ಇದೆ. 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಕಾಗಿಲ್ಲ. ಹೈದರಾಬಾದಿನ ಗಗನ್ ನಾರಂಗ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲೇ. ನಮ್ಮ ತಂಗಿಯರೂ ಈ ಆಟಕ್ಕೆ ಹೋಗಲಿ.

ನಾವು ಏನು ಕೇಳುತ್ತೇವೆ?

ಸರ್ಕಾರವನ್ನು ನಾವು ಬಂದೂಕು ಕೇಳುತ್ತಿಲ್ಲ. ತಿಳಿಯುವ ಭಾಷೆ ಕೇಳುತ್ತಿದ್ದೇವೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ದೇಶ ಒಪ್ಪಿಕೊಂಡಿರುವ ಏರ್ಪಾಡಿನ ಪ್ರಕಾರ, ಅಲ್ಪಸಂಖ್ಯಾತ ಭಾಷೆಯವರು ಜನಸಂಖ್ಯೆಯ 15%ಕ್ಕೆ ಕಡಿಮೆಯಿಲ್ಲದ ಕಡೆ ಮುಖ್ಯ ಕಾನೂನು, ನಿಯಮ, ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು. ಸಂಗಾರೆಡ್ಡಿ ಮತ್ತು ವಿಕಾರಾಬಾದ್ ಕಲೆಕ್ಟರ್ ಆಫೀಸುಗಳು ನಮ್ಮ ಮಂಡಲಗಳ ಲೆಕ್ಕ ತೆಗೆದು, ಹಾಗಿರುವ ಕಡೆ ಕನ್ನಡದ ಸೂಚನಾಪತ್ರ ಕೊಡಲಿ. ಶಿಕ್ಷೆಯ ಭಯ ಇರುವ ಅರ್ಜಿಗಳಿಗಾದರೂ ಪ್ರಶ್ನೆಗಳ ಕನ್ನಡ ಅನುವಾದವನ್ನು ಗೋಡೆಗೆ ಅಂಟಿಸಲಿ. ಕರ್ನಾಟಕದ ಕನ್ನಡ ದಾಖಲೆಗಳನ್ನು ಅನುವಾದದೊಂದಿಗೆ ತಂದರೆ 'ಇದು ನಮ್ಮ ರಾಜ್ಯದ್ದಲ್ಲ' ಅಂತ ವಾಪಸ್ ಕಳಿಸದಿರಲಿ.

ನಮ್ಮಿಂದಲೂ ಒಂದು ಕೆಲಸ ಆಗಬೇಕು. ತೆಲುಗು ಓದಲು ಕಲಿಯೋಣ. ಅದು ನಮ್ಮ ನೆರೆಯ ಭಾಷೆ, ನಮಗೆ ಅನ್ನ ಕೊಡುವ ಭಾಷೆ. ಅದನ್ನು ಕಲಿತರೆ ಕನ್ನಡ ಕಡಿಮೆ ಆಗಲ್ಲ. ಆಫೀಸಿನಲ್ಲಿ ನಮ್ಮ ಸಹಿಯ ಬೆಲೆ ಹೆಚ್ಚಾಗುತ್ತದೆ. ಪ್ರತಿ ಊರಿನಲ್ಲಿ ಎರಡೂ ಲಿಪಿ ಓದಬಲ್ಲ ಇಬ್ಬರು ಹುಡುಗರು, ಒಬ್ಬ ತಂಗಿ ಮುಂದೆ ಬಂದರೆ ಸಾಕು, ಮಧ್ಯವರ್ತಿಯ ಅಂಗಡಿ ಮುಚ್ಚುತ್ತದೆ.

ಆ ನಾರಾಯಣಖೇಡದ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ತಯಾರಾಗಿದ್ದ ಕಾಗದಕ್ಕೆ ಅವನು ಸಹಿ ಹಾಕಲಿಲ್ಲ. ಅಪ್ಪನ ಜೊತೆ ಠಾಣೆಗೆ ಹೋಗಿ, ತಡವಾಗಿದೆ ಅಂತ ನಿಜ ಹೇಳಿ, ಅಜ್ಜನ ಬಂದೂಕು ಒಪ್ಪಿಸಿ ಬಂದಿದ್ದಾನೆ. ಬೈಸಿಕೊಂಡನಂತೆ. ಆದರೆ ರಶೀದಿ ಕೈಗೆ ಬಂತು. ಅತ್ತೆಯರ ಒಪ್ಪಿಗೆ ಪತ್ರಕ್ಕೆ ಈಗ ಅನುವಾದ ಮಾಡಿಸುತ್ತಿದ್ದಾನೆ. ಲೈಸೆನ್ಸ್ ಸಿಗುತ್ತದೋ ಇಲ್ಲವೋ ಅದು ಕಲೆಕ್ಟರ್ ಆದೇಶಕ್ಕೆ ಬಿಟ್ಟದ್ದು.

ರಶೀದಿಯ ಫೋಟೊ ಕಳಿಸಿ, "ಅಣ್ಣಾ, ಇದರಾಗ ಬಂದೂಕಿನ ನಂಬರ್ ಸರಿ ಬರದಾರ ಏನು, ನೋಡ್ರಿ" ಅಂತ ಕೇಳಿದ. ನಂಬರ್ ಸರಿ ಇತ್ತು. ನಮಗೆ ಖುಷಿ ಕೊಟ್ಟದ್ದು ಅವನು ಕೇಳಿದ್ದು.

ನಿಮ್ಮ ಮನೆಯ ಗೋಡೆಯ ಮೇಲೆ, ಅಟ್ಟದ ಮೇಲೆ ಹಳೇ ಬಂದೂಕು ಇದ್ದರೆ ಇವತ್ತೇ ಅದರ ಪುಸ್ತಕ ತೆಗೆದು ಓದಿರಿ. ಓದಲು ಬಾರದಿದ್ದರೆ ಓದಬಲ್ಲವರನ್ನು ಕರೆಯಿರಿ. ನಮ್ಮನ್ನು ಕೇಳಿದರೂ ಸರಿ. ಸಹಿ ಮಾತ್ರ ಆಮೇಲೆ.